ವಿನ್ಯಾಸದ ಮೊದಲ ಮೆಟ್ಟಿಲು

ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಯಾವುದಾದರೊಂದು ಉಪಕರಣವನ್ನು ರೂಪಿಸಿ ಪರೀಕ್ಷಕರ ಮುಂದಿಡುವ ವಾಡಿಕೆಯುಂಟು. ಸಮಸ್ಯೆಯನ್ನು ಗುರುತಿಸುವುದು, ಬಳಸುವವರನ್ನು ವಿಚಾರಿಸುವುದು, ಕಲ್ಪನೆಗಳನ್ನು ರೇಖಿಸುವುದು, ಮಾದರಿಯನ್ನು ಕಟ್ಟಿ ಪರೀಕ್ಷಿಸಿ ತಿದ್ದುವುದು ಎಂಬ ಕ್ರಮವನ್ನು ಅವರಿಗೆ ಬೋಧಿಸುತ್ತಾರೆ, ಕ್ರಮವೇನೋ ಯುಕ್ತವಾದದ್ದೇ. ಆದರೆ ಮೊದಲ ಮೆಟ್ಟಿಲನ್ನು ಕೆಲವೇ ದಿನಗಳಲ್ಲಿ ದಾಟಿ, ಉಳಿದ ಕಾಲವನ್ನೆಲ್ಲ ಮಾದರಿಯ ಸೌಷ್ಠವಕ್ಕೆ ವ್ಯಯಿಸುವ ಪದ್ಧತಿಯಿಂದ ವಿದ್ಯಾರ್ಥಿಗೆ ಬೆಸುಗೆ ಹಾಕುವುದು ಬಂದೀತೇ ಹೊರತು ವಿನ್ಯಾಸ ಬರಲಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಂಧನೂರಿನ ಬಳಿಯ ಬಳಗಾನೂರು ಸೀಮೆಯ ಒಬ್ಬ ವಿದ್ಯಾರ್ಥಿ ತನ್ನೂರಿಗೆ ಉಪಯುಕ್ತವಾದುದೇನನ್ನಾದರೂ ಮಾಡಬೇಕೆಂದು ಹೊರಟನೆನ್ನೋಣ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಸಿಂಧನೂರಿನ ಸುತ್ತಿನ ಜೋಳದ ಎರೆಹೊಲಗಳಿಗೆ ನೀರು ತಂದ ಮೇಲೆ ಈ ನಾಡು ಭತ್ತದ ನಾಡಾಯಿತು. ಸುಗ್ಗಿಯ ಕಾಲದಲ್ಲಿ ಡಾಂಬರು ರಸ್ತೆಯ ಅಂಚಿನುದ್ದಕ್ಕೂ ಹರವಿದ ಭತ್ತ, ಅದರ ಪಕ್ಕದಲ್ಲಿ ಜಾರುವ ದ್ವಿಚಕ್ರ ವಾಹನಗಳು, ರಾತ್ರಿಯೆಲ್ಲ ಕಾವಲು ಮಲಗುವ ರೈತ: ಇದನ್ನು ಕಂಡ ವಿದ್ಯಾರ್ಥಿಗೆ ಬಿಸಿಗಾಳಿಯ ಒಣಗಿಸುವ ಯಂತ್ರವೊಂದು ತಟ್ಟನೆ ಹೊಳೆಯುತ್ತದೆ. ಅಲ್ಲಿಯೇ ಅವನ ವಿಚಾರ ನಿಂತರೆ ಯಂತ್ರ ಸಿದ್ಧವಾಗುತ್ತದೆ, ಅಂಕಗಳೂ ಬರುತ್ತವೆ, ರಸ್ತೆಯ ಮೇಲಿನ ಭತ್ತ ಮಾತ್ರ ರಸ್ತೆಯ ಮೇಲೆಯೇ ಇರುತ್ತದೆ.

ಅವನು ಆ ರೈತನ ಬಳಿ ಕುಳಿತು ಕೇಳಲಿ. ಕೈಯಿಂದ ಕೊಯ್ಯುತ್ತಿದ್ದ ದಿನಗಳಲ್ಲಿ ಕೊಯ್ದ ಪೈರು ಹೊಲದಲ್ಲಿಯೇ ಒಣಗಿ ಆಮೇಲೆ ಕಣಕ್ಕೆ ಬರುತ್ತಿತ್ತು. ಇಂದು ಕಟಾವು ಯಂತ್ರ ನಿಂತ ಪೈರಿನಿಂದಲೇ ಕಾಳನ್ನು ಬೇರ್ಪಡಿಸುವುದರಿಂದ ಅದರ ತೇವಾಂಶ ಶೇಕಡ 20ನ್ನು ಮೀರಿರುವುದುಂಟು, ಸರಕಾರದ ಖರೀದಿ ಕೇಂದ್ರವಾದರೋ ಶೇಕಡ 17ಕ್ಕಿಂತ ಹೆಚ್ಚಿನ ತೇವವನ್ನು ಒಪ್ಪುವುದಿಲ್ಲ. ಕೊಯ್ಲು ಬೇಗ ಮುಗಿಯಿತು, ಒಣಗುವ ಕೆಲಸ ಉಳಿಯಿತು, ಕಾಳು ಹರವಲು ಕಣವಿಲ್ಲವಾಯಿತು. ಬಿಸಿಲಿಗೆ ಈ ಸೀಮೆಯಲ್ಲಿ ಬರವಿಲ್ಲ. ಡಾಂಬರು ರಸ್ತೆ ಗಟ್ಟಿಯಾಗಿದೆ, ಕಾಯುತ್ತದೆ, ಬಾಡಿಗೆ ಕೇಳುವುದಿಲ್ಲ. ರೈತನನ್ನು ಕಾಡುವುದು ಸಂಜೆಯ ಮೋಡ: ಹರವಿದ್ದನ್ನೆಲ್ಲ ಇಬ್ಬರು ಮೂವರು ಸೇರಿ, ಮಳೆ ಬೀಳುವಷ್ಟರಲ್ಲಿ ಬಳಿದು, ರಾಶಿ ಮಾಡಿ, ತಾಡಪತ್ರಿ ಹೊದಿಸುವುದು ಹೇಗೆ? ಇದನ್ನು ತಿಳಿದ ವಿದ್ಯಾರ್ಥಿ ಒಣಗಿಸುವ ಯಂತ್ರವನ್ನು ಬದಿಗಿಟ್ಟು, ಕಾಳನ್ನು ಬೇಗ ಬಳಿಯುವ ಸಾಧನವನ್ನೋ, ತಾನೇ ಮಡಚಿಕೊಂಡು ರಾಶಿಯಾಗುವ ಹಾಸನ್ನೋ, ಹತ್ತು ಮನೆಯವರು ಸರದಿಯ ಮೇಲೆ ಬಳಸುವ ಕಣವನ್ನೋ ಚಿಂತಿಸುವನು. ಪ್ರಶ್ನೆ ಬದಲಾದುದೇ ಅವನ ಕಲಿಕೆ.

ಇಂತಹ ವಿಚಾರ ಈ ನೆಲಕ್ಕೆ ಹೊಸದೇನೂ ಅಲ್ಲ. ಕೂರಿಗೆಯ ತಾಳುಗಳ ನಡುವಿನ ಅಂತರವೂ ಮುಂದೆ ಸಾಲಿನ ನಡುವೆ ಹಾಯಬೇಕಾದ ಎಡೆಕುಂಟೆಯ ಅಗಲವೂ ಒಂದಕ್ಕೊಂದು ಹೊಂದುವಂತೆ ಮಾಡಿದ ಬಡಿಗನು ಬಿತ್ತುವ ದಿನವನ್ನಷ್ಟೇ ಅಲ್ಲದೆ ಕಳೆ ತೆಗೆಯುವ ದಿನವನ್ನೂ ಕಂಡವನು. ಬಟ್ಟಲಿಗೆ ಬೀಜ ಬಿಡುವ ಹೆಂಗಸಿನ ಕೈಯಳತೆಯೂ ಆ ಉಪಕರಣದ ಒಂದು ಅಂಗವೇ.

ಆಧುನಿಕ ನಿದರ್ಶನವೂ ಕನ್ನಡ ನಾಡಿನಲ್ಲಿಯೇ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕದ ವಿಜ್ಞಾನಿಗಳು, ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಿನ ಹಳ್ಳಿಗಳಲ್ಲಿ ಶಕ್ತಿ ಎಲ್ಲಿ ಎಷ್ಟು ವ್ಯಯವಾಗುತ್ತದೆಂದು ಮೊದಲು ಅಳೆದರು. ಸೌದೆಯೇ ಮುಖ್ಯ ಇಂಧನ, ಅಡುಗೆಯೇ ಮುಖ್ಯ ವೆಚ್ಚ ಎಂದು ತಿಳಿದ ಮೇಲೆ ಹುಟ್ಟಿತು ಮೂರು ಪಾತ್ರೆಗಳಿಗೆ ಶಾಖ ಹಾಯಿಸಿ, ಹೊಗೆಯನ್ನು ನಳಿಗೆಯ ಮೂಲಕ ಹೊರಗಟ್ಟುವ ಅಸ್ತ್ರ ಒಲೆ. ಅಳತೆ ಮೊದಲು, ಒಲೆ ಆಮೇಲೆ.

ವರ್ಷವೊಂದರ ಅವಧಿಯಲ್ಲಿ ಇಷ್ಟು ವಿಚಾರಕ್ಕೆ ಅವಕಾಶವೆಲ್ಲಿ, ಕಣ್ಣಿಗೆ ಕಾಣುವ ವಸ್ತುವಿಗಲ್ಲದೆ ಮತ್ತಾವುದಕ್ಕೆ ಪರೀಕ್ಷಕನು ಅಂಕ ಕೊಟ್ಟಾನು ಎಂಬ ಆಕ್ಷೇಪವಿದೆ. ಅದು ನಿರಾಧಾರವಲ್ಲ, ಕೈಯಿಂದ ಮಾಡದ ವಿನ್ಯಾಸ ಬರಿಯ ಮಾತಾಗುವ ಭಯವೂ ನಿಜವೇ. ಆದುದರಿಂದಲೇ ಮಾದರಿಯನ್ನು ಬೇಗನೆ, ಅಗ್ಗವಾಗಿ, ಬಿದಿರು ಗೋಣಿಗಳಿಂದಲಾದರೂ ಕಟ್ಟಿ, ಬಳಸುವವರ ಕೈಗೆ ಕೊಟ್ಟು, ಅದು ಎಲ್ಲಿ ಸೋತಿತೆಂಬುದನ್ನು ವಿದ್ಯಾರ್ಥಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕವೂ ಕಣ್ಣಿಗೆ ಕಾಣುವ ವಸ್ತುವೇ.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ: ಅರ್ಧ ಅಂಕಗಳನ್ನು ಆ ಪುಸ್ತಕಕ್ಕೆ ಮೀಸಲಿಡಿ. ಕಾಲುವೆಯ ನೀರು ಸಾಕಷ್ಟಿದ್ದ ವರ್ಷ ಸಿಂಧನೂರಿನ ಸೀಮೆಯಲ್ಲಿ ಭತ್ತದ ಸುಗ್ಗಿ ಎರಡು ಬಾರಿ ಬರುತ್ತದೆ. ಮುಂಗಾರಿನ ಬೆಳೆಯ ಕೊಯ್ಲಿಗೆ ವಿದ್ಯಾರ್ಥಿಗಳನ್ನು ನೋಡಲಿಕ್ಕೆ ಕಳುಹಿಸಿ, ಬೇಸಗೆಯ ಕೊಯ್ಲಿಗೆ ಅವರ ಮಾದರಿಯೊಡನೆ ಕಳುಹಿಸಿ.