ರೋಗಿಯನ್ನೆತ್ತುವ ಯಂತ್ರ: ಮಾರಾಟದೊಂದಿಗೆ ಹೊಣೆ ಮುಗಿಯದು

ಹಾಸಿಗೆ ಹಿಡಿದ ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಸಾಗಿಸುವ ಲಿಫ್ಟ್‌ಗಳನ್ನು ನಮ್ಮ ನರ್ಸಿಂಗ್ ಹೋಂಗಳೂ ವೃದ್ಧರ ಆರೈಕೆ ಕೇಂದ್ರಗಳೂ ಕೊಳ್ಳುತ್ತಿವೆ. ದಾದಿಯರ ಬೆನ್ನಿಗೆ ಇದರಿಂದ ದೊರೆಯುವ ನೆಮ್ಮದಿ ಸಣ್ಣದಲ್ಲ. ಆದರೆ ಬೆಲೆಯನ್ನು ಕುರಿತು ಗಂಟೆಗಟ್ಟಲೆ ಚೌಕಾಸಿ ನಡೆಸುವ ನಾವು, ನಿರ್ವಹಣೆಯನ್ನು ಕುರಿತು ಒಂದು ಮಾತನ್ನೂ ಆಡದೆ ವ್ಯವಹಾರ ಮುಗಿಸುವುದುಂಟು.

ಈ ಯಂತ್ರವು ಸದ್ದಿಲ್ಲದೆ ಕೆಡುತ್ತದೆ. ಪದೇ ಪದೇ ಒಗೆಯುವುದರಿಂದ ಜೋಲಿಯ ಹೊಲಿಗೆ ಸವೆಯುತ್ತದೆ. ಬ್ಲೀಚ್ ಬಳಸಿದರೆ ಬಟ್ಟೆಯ ಬಲ ಇನ್ನೂ ಬೇಗ ಕುಗ್ಗುತ್ತದೆ. ಭಾರಮಿತಿಯನ್ನು ತಿಳಿಸುವ ಚೀಟಿ ಅಳಿಸಿಹೋಗುತ್ತದೆ. ಕೊಕ್ಕೆಯ ಪಿನ್ನು ತೇಯುತ್ತದೆ, ಹೈಡ್ರಾಲಿಕ್ ಸಿಲಿಂಡರಿನ ಸೀಲಿನಿಂದ ಎಣ್ಣೆ ಜಿನುಗುತ್ತದೆ, ಗಾಲಿಯ ಬ್ರೇಕು ಹಿಡಿಯದಾಗುತ್ತದೆ. ಲೇತ್ ಯಂತ್ರ ಕೆಟ್ಟರೆ ಒಂದು ದಿನದ ಉತ್ಪಾದನೆ ನಷ್ಟ. ಇಲ್ಲಿ ಪಟ್ಟಿ ಕಿತ್ತರೆ ಮುರಿಯುವುದು ವೃದ್ಧೆಯೊಬ್ಬರ ತೊಡೆಯ ಮೂಳೆ.

ಬ್ರಿಟನ್ನಿನ 1998ರ ನಿಯಮಾವಳಿಯಂತೆ, ಮನುಷ್ಯರನ್ನು ಎತ್ತುವ ಸಾಧನಗಳನ್ನು ಜೋಲಿಗಳ ಸಹಿತ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರಿಣತರು ಕೂಲಂಕಷವಾಗಿ ಪರೀಕ್ಷಿಸಬೇಕು. ಇಂತಹ ಲಿಫ್ಟ್‌ಗಳಿಗೆಂದೇ ಐಎಸ್‌ಒ 10535 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಯು 2020ರ ಏಪ್ರಿಲ್ 1ರಿಂದ ವಿಸ್ತಾರಗೊಂಡಿದೆ. ಆದರೆ ತಯಾರಿಕೆ ಮತ್ತು ಮಾರಾಟದ ಹಂತದ ಎಚ್ಚರವಷ್ಟೇ ಸಾಲದು. ವಾರ್ಡಿನಲ್ಲಿ ಐದಾರು ವರ್ಷ ದುಡಿದ ಯಂತ್ರದ ಯೋಗಕ್ಷೇಮವನ್ನು ಕಾಯಬೇಕಾದವರು ಅದನ್ನು ಮಾರಿದವರು ಮತ್ತು ಕೊಂಡವರು.

‘ಇಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಂ ಈ ವೆಚ್ಚವನ್ನು ಹೇಗೆ ಭರಿಸೀತು?’ ಎಂಬ ಆಕ್ಷೇಪ ನ್ಯಾಯವಾದುದೇ. ಒಂದೇ ಊರಿನ ನಾಲ್ಕಾರು ಸಂಸ್ಥೆಗಳು ಸೇರಿ ಒಬ್ಬ ತಂತ್ರಜ್ಞರೊಂದಿಗೆ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಂಡರೆ ತಲಾ ವೆಚ್ಚ ಇಳಿಯುತ್ತದೆ. ಪೀಣ್ಯ, ಬೆಳಗಾವಿ, ಹುಬ್ಬಳ್ಳಿಯ ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವಿದೆ. ಸಿಲಿಂಡರು, ಪಿನ್ನು ಮೊದಲಾದವು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಆದರೆ ಬಿಡಿಭಾಗದ ಅಳತೆಯೂ ಲೋಹದ ದರ್ಜೆಯೂ ಮೂಲ ತಯಾರಕರ ನಿರ್ದೇಶನಕ್ಕೆ ಹೊಂದಲೇಬೇಕು. ಅಂದಾಜಿನ ಕೆಲಸ ಇಲ್ಲಿ ಸಲ್ಲದು.

ಆದಕಾರಣ ಮಾರಾಟಗಾರ ಮಿತ್ರರಲ್ಲಿ ಮೂರು ವಿನಂತಿಗಳು: ಬಿಡಿಭಾಗಗಳು ಎಷ್ಟು ವರ್ಷ ದೊರೆಯುವುವೆಂಬುದನ್ನು ಬರಹದಲ್ಲಿ ಕೊಡಿ, ಪ್ರತಿ ಜೋಲಿಗೂ ಕ್ರಮಸಂಖ್ಯೆ ಹಾಕಿ, ಪ್ರತಿ ಯಂತ್ರದೊಂದಿಗೆ ಒಂದು ತಪಾಸಣಾ ಪುಸ್ತಕ ನೀಡಿ. ತಂತ್ರಜ್ಞರ ತರಬೇತಿಗೆ ನಮ್ಮ ವಾಣಿಜ್ಯ ಸಂಸ್ಥೆಯು ಮುಂದಾಗುವುದೂ ಉಚಿತ. ಅಗ್ಗವಾಗಿ ಮಾರಿ ಮರೆಯಾಗುವವನಿಗೆ ಒಂದೇ ಬಿಲ್ಲಿನ ಲಾಭ. ತಪಾಸಣಾ ಪುಸ್ತಕದಲ್ಲಿ ಆರು ತಿಂಗಳಿಗೊಮ್ಮೆ ಸಹಿ ಹಾಕಲು ಹೋಗುವವನಿಗೆ ವ್ಯಾಪಾರವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ.