ಕಡಲಿಲ್ಲದ ನಾಡಿನ ಕವಡೆ

‘ಕವಡೆ ಕಾಸಿನ ಬೆಲೆಯಿಲ್ಲ’ ಎಂದು ನಾವು ಎಷ್ಟೋ ಸಂಗತಿಗಳನ್ನು ತಳ್ಳಿಹಾಕುತ್ತೇವೆ. ತರಗತಿಯಲ್ಲಿ ನಾನೂ ಈ ಮಾತನ್ನು ಧಾರಾಳವಾಗಿ ಬಳಸಿದವನೇ. ಈ ವಾರ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾದ ಪ್ರಸಂಗ ಒದಗಿದೆ. ವಾಚಕರು ಸಾವಧಾನದಿಂದ ಕೇಳಬೇಕು.

ಹೋದ ವರ್ಷ ಹೈದರಾಬಾದಿನ ಅಂಗಡಿಯೊಂದರಲ್ಲಿ ಒಂದು ಜೋಳಿಗೆಯನ್ನು ಕೊಂಡಿದ್ದೆನು. ಕೆಂಪು ಬಟ್ಟೆಯ ಮೇಲೆ ಹಳದಿ, ಹಸಿರು ದಾರದ ಕಸೂತಿ; ಅಂಚಿನಲ್ಲಿ ಸಾಲಾಗಿ ಹೊಲಿದ ಕವಡೆಗಳು. ಪುಸ್ತಕಗಳನ್ನು ತುಂಬಿಕೊಂಡು ಸೇಡಂನ ಕಾಲೇಜಿಗೆ ಹೋಗುವಾಗ ಅದು ಹೆಗಲಿಗಿದ್ದರೆ ನನಗೊಂದು ಬಗೆಯ ಗತ್ತು. ನಾಲ್ಕು ಜನ ಹೊಗಳಿದರು, ನಾನೂ ಉಬ್ಬಿದೆನು.

ಒಂದು ಮಧ್ಯಾಹ್ನ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಮೇಜಿನ ಬಳಿ ನಿಂತಳು. ಚಿಂಚೋಳಿಯ ಕಡೆಯ ತಾಂಡಾದವಳು, ಮಾತು ಕಡಿಮೆ. ಜೋಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಸರ್, ಇದು ಚೀಲವಲ್ಲ” ಎಂದಳು.

“ಮತ್ತೇನಮ್ಮಾ?”

“ನೀರಿನ ಕೊಡದ ಸಿಂಬೆಯಿಂದ ಬೆನ್ನಿನ ಮೇಲೆ ಇಳಿಬಿಡುವ ಬಟ್ಟೆ. ಮದುವೆಯಲ್ಲಿ ಹಾಕಿಕೊಳ್ಳುತ್ತಾರೆ. ಯಾರೋ ಕತ್ತರಿಸಿದ್ದಾರೆ.”

ಅವಳು ಬೆರಳಿಟ್ಟು ತೋರಿಸಿದಾಗ ನನಗೂ ಕಂಡಿತು. ನಾಲ್ಕು ನಾಲ್ಕು ಕವಡೆ ಸೇರಿ ಒಂದೊಂದು ಹೂವಾಗಿದ್ದಿತು. ಅಂಚಿನ ಹೂವಿಗೆ ಮಾತ್ರ ಎರಡೇ ದಳ. ಉಳಿದೆರಡರ ಜಾಗದಲ್ಲಿ ಬರಿಯ ಸೂಜಿಯ ತೂತು. ಅದರ ಪಕ್ಕದಲ್ಲಿ ಯಂತ್ರದ ಹೊಲಿಗೆ. ಒಂದು ವರ್ಷ ಹೆಗಲಮೇಲೆ ಹೊತ್ತಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

“ನಮ್ಮಜ್ಜಿಯದೂ ಹೀಗೆಯೇ ಹೋಯಿತು, ಸರ್. ನನ್ನ ಫೀಸಿಗೆ” ಎಂದು ಹೇಳಿ ಹೊರಟುಹೋದಳು.

ಅಂದು ರಾತ್ರಿ ನನಗೆ ಪುಸ್ತಕದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂಡಣ ಕಡಲಾಗಲಿ ಪಡುವಣ ಕಡಲಾಗಲಿ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳಿಂದ ಮುನ್ನೂರು ಕಿಲೋಮೀಟರಿಗೂ ದೂರ. ಸಮುದ್ರವನ್ನೇ ಕಾಣದ ಅಜ್ಜಿಯರ ಮದುವೆಯ ಬಟ್ಟೆಗೆ ಸಮುದ್ರದ ಕವಡೆ ಹೇಗೆ ಬಂದಿತು?

ಹುಡುಕುತ್ತ ಹೋದಂತೆ ದಾರಿ ಮಾಲ್ಡೀವ್ಸ್ ದ್ವೀಪಗಳಿಗೆ ಒಯ್ದಿತು. ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಕವಡೆಯನ್ನು ರಾಶಿ ರಾಶಿಯಾಗಿ ಒದಗಿಸಿದ ದ್ವೀಪಗಳಿವು. ಕ್ರಿ.ಶ. 851ರ ಅರಬ್ಬೀ ಪ್ರವಾಸಕಥನವೊಂದು ಅಲ್ಲಿನವರು ತೆಂಗಿನ ಗರಿಗಳನ್ನು ನೀರಿನ ಮೇಲೆ ಹಾಸಿ, ಅದಕ್ಕೆ ಕಚ್ಚಿಕೊಂಡ ಕವಡೆಗಳನ್ನು ಸಂಗ್ರಹಿಸುವ ರೀತಿಯನ್ನು ವರ್ಣಿಸುತ್ತದೆ. ಅದೇ ಗ್ರಂಥ ಜಗತ್ತಿನ ನಾಲ್ವರು ಮಹಾರಾಜರಲ್ಲಿ ‘ಬಲ್ಹರಾ’ ಎಂಬವನನ್ನು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ಅಂದರೆ ನಮ್ಮ ರಾಷ್ಟ್ರಕೂಟ ಚಕ್ರವರ್ತಿ ಎಂಬುದು ವಿದ್ವಾಂಸರ ಮತ. ಆತನ ರಾಜಧಾನಿ ಮಾನ್ಯಖೇಟವೇ ಇಂದು ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಕವಡೆಯ ದ್ವೀಪವೂ ಕವಿರಾಜಮಾರ್ಗದ ನಾಡೂ ಒಂದೇ ಹೊತ್ತಗೆಯಲ್ಲಿ ಕೂಡಿವೆ!

1343ರ ಸುಮಾರಿಗೆ ಆ ದ್ವೀಪಗಳಿಗೆ ಹೋದ ಇಬ್ನ್ ಬತೂತಾ ಇನ್ನಷ್ಟು ವಿವರ ಕೊಡುತ್ತಾನೆ. ಹಿಡಿದ ಕವಡೆಗಳನ್ನು ದಡದ ಗುಂಡಿಯಲ್ಲಿ ಹಾಕುವರು. ಒಳಗಿನ ಮಾಂಸ ಕರಗಿ ಬಿಳಿಯ ಚಿಪ್ಪು ಉಳಿಯುವುದು. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರು. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಕೊಳ್ಳುತ್ತಿದ್ದರು. ಬಂಗಾಳ, ಒರಿಸ್ಸಾಗಳಲ್ಲಿ ಅದು 19ನೆಯ ಶತಮಾನದ ಆರಂಭದವರೆಗೂ ನಾಣ್ಯವಾಗಿ ಚಲಾವಣೆಯಲ್ಲಿದ್ದಿತು. ಕವಡೆ ಕಾಸು ಎಂಬುದು ಬರಿಯ ಬಯ್ಗುಳವಲ್ಲ, ನಿಜವಾದ ಕಾಸೇ.

ಸಮುದ್ರತೀರಕ್ಕೂ ಒಳನಾಡಿಗೂ ನಡುವೆ ಎತ್ತಿನ ಹಿಂಡುಗಳನ್ನು ಹೊಡೆದುಕೊಂಡು ದವಸವನ್ನೂ ಉಪ್ಪನ್ನೂ ಸಾಗಿಸಿದವರು ಲಂಬಾಣಿಗರು. ‘ಲವಣ’ದಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಹಲವರು ಹೇಳುವುದುಂಟು. ಸೈನ್ಯಗಳಿಗೆ ಅನ್ನ ಮುಟ್ಟಿಸಿದವರೂ ಅವರೇ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು. ದೇಶದುದ್ದಕ್ಕೂ ಇಂಥ ಕಬ್ಬಿಣದ ಹಳಿಗಳು ಹಾಸಿದಂತೆಲ್ಲ ಎತ್ತಿನ ಬೆನ್ನಿನ ವ್ಯಾಪಾರ ಮುರಿಯಿತು. ನಡೆಯುತ್ತಿದ್ದ ತಾಂಡಾಗಳು ಬೆಟ್ಟದ ಬುಡಗಳಲ್ಲಿ, ಕಾಡಿನ ಅಂಚುಗಳಲ್ಲಿ ನಿಂತುಬಿಟ್ಟವು. ಆದರೂ ಹೆಂಗಸರ ಫೇಟಿಯಾ, ಕಾಂಚಳಿಗಳ ಮೇಲೆ ಕವಡೆ ಉಳಿಯಿತು.

ಮುಂದಿನ ಭಾನುವಾರ ಜೋಳಿಗೆಯನ್ನು ತೆಗೆದುಕೊಂಡು ಆ ತಾಂಡಾಕ್ಕೆ ಹೋದೆನು. ಹುಡುಗಿಯ ಅಜ್ಜಿ ಮನೆಯ ಮುಂದೆ ಕುಳಿತಿದ್ದಳು. ತಾಂಡಾದವರು ಅವಳನ್ನು ‘ಯಾಡಿ’ ಎನ್ನುವರು. ತಾಯಿ ಎಂದು ಅರ್ಥ. ಪಕ್ಕದಲ್ಲಿ ತಗಡಿನ ಡಬ್ಬಿ; ಮಡಿಲಲ್ಲಿ ಜೀರ್ಣವಾದ ಹಳೆಯ ಲಂಗ. ಅದರಿಂದ ಕವಡೆಗಳನ್ನು ಒಂದೊಂದಾಗಿ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದಳು.

“ಅಂಗಡಿಯಲ್ಲಿ ಸಿಗುವುದಿಲ್ಲವೇ?” ಎಂದೆನು.

“ಸಿಗುತ್ತವೆ. ಪ್ಲಾಸ್ಟಿಕ್ಕಿನವೂ ಸಿಗುತ್ತವೆ” ಎಂದು ನಕ್ಕಳು. “ಇವು ನನ್ನ ಅತ್ತೆಯವು. ಅವಳಿಗೆ ಅವಳ ಅತ್ತೆ ಕೊಟ್ಟವು. ಬಟ್ಟೆ ಹರಿಯುತ್ತದೆ, ಕವಡೆ ಹರಿಯುವುದಿಲ್ಲ.”

ಕಡಲ ದಡದಲ್ಲಿ ಅಲೆ ಬಿಟ್ಟುಹೋದುದನ್ನು ಆಯುವವರ ಚಿತ್ರವನ್ನು ನಾವು ನೋಡಿದ್ದೇವೆ. ಈಕೆ ಕಾಲ ಬಿಟ್ಟುಹೋದುದನ್ನು ಆಯುತ್ತಿದ್ದಳು.

ಹೊಸ ಕವಡೆಯನ್ನು ಹೊಲಿಗೆಗೆ ಸಿದ್ಧಮಾಡುವುದನ್ನೂ ತೋರಿಸಿದಳು. ಬೆನ್ನಿನ ಉಬ್ಬನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೆಗೆಯಬೇಕು. ಆಗ ಅದು ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂರುವುದು; ಹಲ್ಲುಹಲ್ಲಾದ ಬಾಯಿ ಮೇಲಕ್ಕೆ ಬರುವುದು; ಆ ಸೀಳಿನಲ್ಲಿ ಸೂಜಿ ಹಾಯುವುದು. ತಿಕ್ಕುವ ಕಲ್ಲು ಮನೆಯ ಮೆಟ್ಟಿಲೇ: ಶಹಾಬಾದಿನ ಹಾಸುಗಲ್ಲು. ಅದರ ಅಂಚಿನಲ್ಲಿ ಒಂದು ತಗ್ಗು ಬಿದ್ದಿದ್ದಿತು. ಕವಡೆ ಸವೆದಂತೆ ಕಲ್ಲೂ ಸವೆದಿದೆ. ಆ ಕಲ್ಲು ಸುಣ್ಣ, ಕವಡೆಯೂ ಸುಣ್ಣ. ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಎಷ್ಟೋ ಮುಂಚೆ ನಮ್ಮ ಈ ಭೂಮಿಯ ಮೇಲೆ ನಿಂತಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂಡಿದ್ದೇ ಇಂದಿನ ಶಹಾಬಾದಿ ಕಲ್ಲು. ವಾಡಿಯ ಸಿಮೆಂಟಿಗೂ ಸುಣ್ಣದ ಕಲ್ಲೇ ಮೂಲ. ನಮ್ಮದು ಕಡಲಿಲ್ಲದ ನಾಡು ಎಂದೆನಲ್ಲ, ಆ ಮಾತನ್ನೂ ತಿದ್ದಿಕೊಳ್ಳಬೇಕು.

ಕಡೆಗೆ ಅಳುಕುತ್ತಲೇ ಜೋಳಿಗೆಯನ್ನು ಮುಂದಿಟ್ಟೆನು. “ಯಾಡಿ, ಇದನ್ನು ನೀವೇ ಇಟ್ಟುಕೊಳ್ಳಿ.”

ಆಕೆ ಬಹಳ ಹೊತ್ತು ಅದನ್ನು ಸವರಿದಳು. “ಇದು ನನ್ನದಲ್ಲ. ಇದರ ಹೊಲಿಗೆ ಬೇರೆ ಕೈಯದು. ಅವಳು ಯಾವ ತಾಂಡಾದವಳೋ! ನನ್ನದನ್ನು ನಾನೇ ಕೊಟ್ಟೆ, ಯಾರೂ ಕಸಿದುಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿದ್ದರೆ ಇಲಿಗೆ, ಕೊಟ್ಟರೆ ಹುಡುಗಿಗೆ ಓದು. ಕೊಂಡವನು ಹಾಗೆಯೇ ಇಡುತ್ತಾನೆ ಎಂದುಕೊಂಡಿದ್ದೆ.”

ಈ ಕೊನೆಯ ಮಾತೇ ನನ್ನನ್ನು ಇರಿಯಿತು. ಆಕೆಗೆ ಸಿಕ್ಕ ಹಣ ನಾನು ಜೋಳಿಗೆಗೆ ಕೊಟ್ಟುದಕ್ಕಿಂತ ಕಡಿಮೆ. ಅಂಥ ಒಂದು ಬಟ್ಟೆಯಿಂದ ಎರಡು ಮೂರು ಜೋಳಿಗೆ ಹೊರಡುತ್ತವೆ.

ಬಡವರು ತಮ್ಮ ವಸ್ತುವನ್ನು ಮಾರಬಾರದೆಂದು ಹೇಳಲು ನಾನು ಯಾರು? ಸಂಬಳ ಎಣಿಸುವವನಿಗೆ ಆ ಉಪದೇಶ ಸಲ್ಲದು. ಕೊಳ್ಳುವ ನಮಗೆ ಮಾತ್ರ ಒಂದು ಕರ್ತವ್ಯವುಂಟು. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರು ಇದೇ ಕಸೂತಿಯನ್ನು ಹೊಸ ಬಟ್ಟೆಯ ಮೇಲೆ ಹಾಕಿ ಕೂಲಿ ಪಡೆಯುತ್ತಾರೆ. ಕಿಲನ್, ವೇಲೆ, ಮಾಕಿ, ರೇಲೋ ಎಂದು ಅವರ ಹೊಲಿಗೆಗಳಿಗೆ ಚೆಂದದ ಹೆಸರುಗಳುಂಟು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಸೇರಿದ ಜಿ-20 ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ಅದೇ ವರ್ಷದ ಜನವರಿ 19ರಂದು ನಮ್ಮ ಮಳಖೇಡದಲ್ಲಿ ಕಂದಾಯ ಗ್ರಾಮಗಳಾದ ತಾಂಡಾಗಳವರಿಗೆ 50 ಸಾವಿರಕ್ಕೂ ಮಿಕ್ಕಿ ಹಕ್ಕುಪತ್ರಗಳು ಸಂದವು. ನೆಲಕ್ಕೆ ಹಕ್ಕುಪತ್ರ ಬಂದಿತು. ಹೊಲಿದ ಬಟ್ಟೆಗೂ ಹೊಲಿದವಳ ಗುರುತು ಇರಬೇಡವೇ? ಹೊಸದನ್ನು ಕೊಂಡರೆ ಕೈಗೆ ಕೂಲಿ; ಹಳೆಯದನ್ನು ಕೊಂಡರೆ ಇಡಿಯಾಗಿ ಉಳಿಸುವ ಹೊಣೆ. ಕತ್ತರಿಸಿದ ತುಂಡನ್ನು ಕೊಂಡರೆ ಕತ್ತರಿಗೆ ಕೂಲಿ ಕೊಟ್ಟಂತೆ.

ಹೊರಡುವಾಗ ಅಜ್ಜಿ ನನ್ನನ್ನು ತಡೆದಳು. ಡಬ್ಬಿಯಿಂದ ಎರಡು ಕವಡೆಗಳನ್ನು ಆರಿಸಿ, ಆ ಅರ್ಧ ಹೂವಿನ ಪಕ್ಕಕ್ಕೆ, ಜೋಳಿಗೆಯ ಮಗ್ಗುಲಿಗೆ ಹೊರಳುವಂತೆ ಹೊಲಿದಳು. ನಾಲ್ಕು ದಳಗಳೂ ಕೂಡಿದವು. ಹಣ ಕೊಡಹೋದರೆ ಕೈ ಅಡ್ಡ ಮಾಡಿ, “ಹುಡುಗಿಗೆ ಚೆನ್ನಾಗಿ ಪಾಠ ಹೇಳಿ” ಎಂದಳು.

ಜೋಳಿಗೆ ಈಗಲೂ ನನ್ನ ಹೆಗಲಿಗಿದೆ, ಹಿಂದಿನ ಗತ್ತಿಲ್ಲ. ಅದರಲ್ಲಿ ಎರಡು ಕವಡೆಯ ಸಾಲವಿದೆ. ಇಬ್ನ್ ಬತೂತಾನ ಲೆಕ್ಕದಲ್ಲಿ ಅದು ಒಂದು ದಿನಾರಿನ ಎರಡು ಲಕ್ಷದಲ್ಲೊಂದು ಪಾಲು. ಅದನ್ನು ತೀರಿಸಲು ನಾನು ದಿನವೂ ತರಗತಿಗೆ ಹೋಗುತ್ತಿದ್ದೇನೆ.