ಅಪ್ಪನ ಪಾಲಿನ ರಜೆ ಅಪ್ಪನಿಗೇ ಇರಲಿ

ಕೂಸು ಹುಟ್ಟಿದರೆ ತಂದೆಗೂ ರಜೆ ಬೇಕು ಅಂದರೆ ಕಟ್ಟೆ ಮೇಲೆ ಕೂತವರು ನಗುತ್ತಾರೆ. 'ಹೆತ್ತವಳು ಅವಳು, ಇವನಿಗ್ಯಾಕೆ ರಜೆ?' ಅಂತ ಕೇಳುತ್ತಾರೆ. ಈ ನಗು ಸ್ವೀಡನ್ ದೇಶದಲ್ಲೂ ಇತ್ತು. ಅದನ್ನು ದಾಟಿ ಅವರು ಹೇಗೆ ನಡೆದರು ಅನ್ನೋದು ನಮಗೂ ಪಾಠ.

1974ರಲ್ಲಿ ಆ ದೇಶ ತಾಯಿಗಷ್ಟೇ ಇದ್ದ ರಜೆಯನ್ನು ತಂದೆ-ತಾಯಿ ಇಬ್ಬರ ರಜೆಯನ್ನಾಗಿ ಮಾಡಿತು. ಜಗತ್ತಿನಲ್ಲಿ ಅದೇ ಮೊದಲು. ಆರು ತಿಂಗಳ ಅವಧಿ, ಗಳಿಕೆಯ ಶೇ. 90ರಷ್ಟು ಹಣ, ಯಾರು ಬೇಕಾದರೂ ತಗೋಬಹುದು. ಆದರೆ ಮೊದಲ ವರ್ಷ ಗಂಡಸರು ತಗೊಂಡದ್ದು ನೂರು ದಿನಕ್ಕೆ ಅರ್ಧ ದಿನ! ಭಾರ ಎತ್ತುವ ಪೈಲ್ವಾನನ ತೋಳಿಗೆ ಕೂಸು ಕೊಟ್ಟು ಪೋಸ್ಟರ್ ಅಂಟಿಸಿದರೂ ಬಹಳಷ್ಟು ಗಂಡಸರು ತಮ್ಮ ಪಾಲನ್ನು ಹೆಂಡತಿಗೆ ಬಿಟ್ಟುಕೊಟ್ಟು ಕೆಲಸಕ್ಕೆ ನಡೆದರು.

ನೆರೆಯ ನಾರ್ವೆ 1993ರಲ್ಲಿ ನಾಲ್ಕು ವಾರ ತಂದೆಗೇ ಮೀಸಲಿಟ್ಟಿತು. 1995ರಲ್ಲಿ ಸ್ವೀಡನ್ನೂ ಒಂದು ತಿಂಗಳನ್ನು ಹಾಗೇ ಮಾಡಿತು. ತಗೊಂಡರೆ ಉಂಟು, ಬಿಟ್ಟರೆ ಹೋಯಿತು. ಹೆಂಡತಿಗೆ ದಾಟಿಸೋ ಹಾಗಿಲ್ಲ. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರು. ಈಗ ಅಲ್ಲಿ ನೂರು ದಿನದಲ್ಲಿ ಸುಮಾರು ಮೂವತ್ತು ದಿನ ಗಂಡಸರದು. ಸಮಪಾಲು ಇನ್ನೂ ಆಗಿಲ್ಲ, ನಿಜ. ಆದರೆ ಅರ್ಧ ದಿನ ಎಲ್ಲಿ, ಮೂವತ್ತು ದಿನ ಎಲ್ಲಿ?

ನಮ್ಮಲ್ಲಿ 1997ರಿಂದ ಕೇಂದ್ರ ಸರ್ಕಾರದ ಗಂಡು ನೌಕರರಿಗೆ 15 ದಿನ ಉಂಟು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ತಾಯಿಯ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೇದೇ. ಆದರೆ ಅದರಲ್ಲಿ ತಂದೆಗೆ ಒಂದು ದಿನವೂ ಇಲ್ಲ. ಇ.ಎಸ್.ಐ. ಇಲ್ಲದ ಕಡೆ ಆ 26 ವಾರದ ಸಂಬಳ ಮಾಲೀಕನ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು. ಹತ್ತು-ಹನ್ನೆರಡು ಜನರನ್ನು ಇಟ್ಟುಕೊಂಡ ವ್ಯಾಪಾರಿ ಆಗ ಏನು ಲೆಕ್ಕ ಹಾಕುತ್ತಾನೆ? 'ಹೆಣ್ಣುಮಗಳಿಗೆ ಕೆಲಸ ಕೊಟ್ಟರೆ ಖರ್ಚು, ಗಂಡಸಿಗೆ ಕೊಟ್ಟರೆ ಇಲ್ಲ.' ಹೆಣ್ಣಿಗೆ ಕೊಟ್ಟ ಹಕ್ಕೇ ಹೆಣ್ಣಿಗೆ ಅಡ್ಡಗಾಲಾಗುವುದು ಹೀಗೆ.

'ರೈತನಿಗೆ ರಜೆ ಕೊಡೋರ್ಯಾರು?' ಅಂತ ಕೇಳಬಹುದು. ಸ್ವೀಡನ್ನಿನಲ್ಲಿ ಈ ಹಣ ಕೊಡೋದು ಮಾಲೀಕನಲ್ಲ, ದೇಶದ ಸಾಮಾಜಿಕ ವಿಮೆ. ಸ್ವಂತ ಬೇಸಾಯ, ಸ್ವಂತ ಅಂಗಡಿ ಇದ್ದವರಿಗೂ ಅದು ಸಿಗುತ್ತದೆ. ನಾವು ಕೇಳಬೇಕಾದದ್ದೂ ಇದನ್ನೇ. ತಂದೆಯ ರಜೆ ದಾಟಿಸಲಾಗದ ರಜೆ ಆಗಿರಲಿ, ಖರ್ಚು ಎಲ್ಲರ ನಿಧಿಯಿಂದ ಬರಲಿ.

ಬಾಣಂತನಕ್ಕೆ ಮಗಳು ತವರಿಗೆ ಬರುತ್ತಾಳೆ, ಅಜ್ಜಿ ನಿದ್ದೆಗೆಡುತ್ತಾಳೆ, ಅಳಿಯ ತೊಟ್ಟಿಲ ಶಾಸ್ತ್ರಕ್ಕೆ ಬಂದು ಉಂಡು ಹೋಗುತ್ತಾನೆ. ಇದನ್ನೇ ಪದ್ಧತಿ ಅಂದುಕೊಂಡಿದ್ದೇವೆ. ಕಾನೂನು ಬರೋ ತನಕ ಕಾಯಬೇಕಿಲ್ಲ. ಕಳೆ ತೆಗೆಯೋದು ನಾಲ್ಕು ದಿನ ತಡೆದೀತು, ಕೂಸು ಬೆಳೆಯೋದು ತಡೆಯದು.